ಇನ್ನೂರ ಹನ್ನೆರಡು ಹಳೆಯ ಫೋನುಗಳು

ಸರವಣನ್‌ನ ಫೋನು ಹೊಸದು. ಕೊಂಡು ಎರಡು ತಿಂಗಳೂ ಆಗಿರಲಿಲ್ಲ. ಆದರೂ ಫೆಬ್ರವರಿಯ ಆ ಬೆಳಿಗ್ಗೆ ಕೂಗಬೇಕಾದ ಹೊತ್ತಿನಲ್ಲಿ ಅದು ಕೂಗಲಿಲ್ಲ.

ನೀಲಗಿರಿಯ ಗೂಡಲೂರಿನ ಹೊರಗಿನ ಒಂದು ಟೀ ಎಸ್ಟೇಟಿನಲ್ಲಿ ಗಿಡಗಳಿಗೆ ಮದ್ದು ಹೊಡೆಯುವುದು ಅವನ ಕೆಲಸ. ಏಳು ಗಂಟೆಗೆ ಕೂಲಿಯವರ ಲೈನ್ ಮನೆಯಿಂದ ಹೊರಟು ಸಿಲ್ವರ್ ಓಕ್ ಮರಗಳ ನಡುವಿನ ಕಾಲುದಾರಿಯಲ್ಲಿ ಇಳಿಯುತ್ತಿದ್ದಾಗ ತಿರುವಿನಲ್ಲಿ ಒಂಟಿ ಆನೆ ನಿಂತಿತ್ತು. ಇಪ್ಪತ್ತು ನಿಮಿಷ ಮೊದಲೇ ಒಬ್ಬ ಆಟೋ ಡ್ರೈವರ್ ಅದನ್ನು ನೋಡಿ ತಿಳಿಸಿದ್ದ. ಸುತ್ತಮುತ್ತ ನಲವತ್ತು ಫೋನುಗಳು ‘ಆನೆ ಇದೆ, ದಾರಿ ಬಿಡಿ’ ಎಂದು ಕೂಗಿದ್ದವು. ಸರವಣನ್‌ನ ಜೇಬಿನಲ್ಲಿದ್ದದ್ದು ಮಾತ್ರ ಸುಮ್ಮನಿತ್ತು. ಆನೆ ಅಟ್ಟಿಸಿಕೊಂಡು ಬಂದಾಗ ಅವನು ಚರಂಡಿಗೆ ಹಾರಿದ. ಜೀವ ಉಳಿಯಿತು, ಸೊಂಟದ ಮೂಳೆ ಮುರಿಯಿತು.

ಹಾಗೆ ಕೂಗುವ ಆ್ಯಪ್ ಮಾಡಿದವಳು ಗೀತಾಂಜಲಿ. ಅದರ ಹೆಸರು ‘ಆನೆ ಕರೆ’. ಅವಳ ತಾತ ಗುಂಡ್ಲುಪೇಟೆಯ ಕಡೆಯಿಂದ ತರಕಾರಿ ವ್ಯಾಪಾರಕ್ಕೆಂದು ಬಂದು ಗೂಡಲೂರಿನಲ್ಲಿ ನೆಲೆನಿಂತವರು. ಅವಳು ಕೊಯಮತ್ತೂರಿನಲ್ಲಿ ಓದಿ, ಊರಿಗೆ ಮರಳಿ, ಕಾಡಂಚಿನ ಜನರಿಗಾಗಿ ಕೆಲಸ ಮಾಡುವ ಒಂದು ಚಿಕ್ಕ ಟ್ರಸ್ಟಿನಲ್ಲಿ ಸೇರಿದ್ದಳು. ಏಳು ವರ್ಷದ ಹಿಂದೆ ಒಬ್ಬಳೇ ಕೂತು ಆ ಆ್ಯಪ್ ಬರೆದಳು. ಆನೆ ಕಂಡವರು ಒಂದು ಗುಂಡಿ ಒತ್ತಿದರೆ ಸಾಕು, ಎರಡು ಕಿಲೋಮೀಟರ್ ಒಳಗಿರುವ ಫೋನುಗಳೆಲ್ಲ ಕೂಗುತ್ತವೆ. ಈಗ ಗೂಡಲೂರು, ಮಸಿನಗುಡಿ ಸೇರಿ ಆರು ಸಾವಿರದ ಎಂಟುನೂರು ಫೋನುಗಳಲ್ಲಿ ಅದು ಇತ್ತು. ನೋಡಿಕೊಳ್ಳುವವರು ಮಾತ್ರ ಇಬ್ಬರೇ. ಇನ್ನೊಬ್ಬ ಭೋಜನ್, ಮಂಜೂರು ಕಡೆಯ ಬಡಗ ಸಮುದಾಯದ ಹುಡುಗ. ವಯಸ್ಸು ಇಪ್ಪತ್ತೊಂಬತ್ತು, ಮಾತು ಕಡಿಮೆ, ಸರ್ವರ್ ಕೆಲಸವೆಲ್ಲ ಅವನದು.

ಗೀತಾಂಜಲಿ ಆಸ್ಪತ್ರೆಗೆ ಹೋದಾಗ ಸರವಣನ್ ಬೈಯಲಿಲ್ಲ. ಅದೇ ಅವಳಿಗೆ ಕಷ್ಟವಾಯಿತು.

“ಫೋನಲ್ಲೇ ಏನೋ ತೊಂದರೆ ಇರಬೇಕು ಮೇಡಂ,” ಎಂದು ಅವನು ತಮಿಳಿನಲ್ಲಿ ಹೇಳಿದ. “ನಿಮ್ಮ ಆ್ಯಪ್ ಎಷ್ಟೋ ಸಲ ನನ್ನನ್ನ ಕಾಪಾಡಿದೆ.”

ತೊಂದರೆ ಫೋನಿನದಲ್ಲ ಎಂದು ಅವಳಿಗೆ ಗೊತ್ತಿತ್ತು. ಬ್ಯಾಟರಿ ಉಳಿಸಲೆಂದು ಹೊಸ ಫೋನುಗಳು ಹಿನ್ನೆಲೆಯಲ್ಲಿ ಓಡುವ ಆ್ಯಪ್‌ಗಳನ್ನು ಮಲಗಿಸಿಬಿಡುತ್ತವೆ. ‘ಆನೆ ಕರೆ’ಯನ್ನು ಮಲಗಿಸದ ಹಾಗೆ ಅವರು ಬದಲಾವಣೆ ಮಾಡಬೇಕಿತ್ತು. ಜನವರಿಯಲ್ಲೇ ಒಬ್ಬರು ಬರೆದು ತಿಳಿಸಿದ್ದರು: ಸ್ಕ್ರೀನ್ ಆಫ್ ಆಗಿದ್ದರೆ ಸದ್ದು ಬರುತ್ತಿಲ್ಲ ಎಂದು. ಅವಳು ಅದನ್ನು ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಬರೆದೂ ಇಟ್ಟಿದ್ದಳು. ಆದರೆ ಆ ಮೂರು ವಾರ ಅವಳೂ ಭೋಜನನೂ ಮತ್ತೊಂದು ಕೆಲಸದಲ್ಲಿ ಮುಳುಗಿದ್ದರು. ಎಂಟು ಹತ್ತು ವರ್ಷದ ಹಳೆಯ ಫೋನುಗಳಲ್ಲಿ ಮ್ಯಾಪ್ ತೆರೆದ ಕೂಡಲೇ ಆ್ಯಪ್ ಮುಚ್ಚಿಹೋಗುತ್ತಿತ್ತು. ಅದನ್ನು ಸರಿಮಾಡುತ್ತ ಕೂತಿದ್ದರು.

ಅವಳು ಆಸ್ಪತ್ರೆಯಿಂದ ಹಿಂತಿರುಗಿ ಬಂದಾಗ ಭೋಜನ್ ಆಫೀಸಿನ ಮೇಜಿನ ಮುಂದೆ ಕೂತಿದ್ದ. ಮೇಜಿನ ತುಂಬ ಹಳೆಯ ಫೋನುಗಳು, ಒಟ್ಟು ಒಂಬತ್ತು. ಆ್ಯಪ್‌ನಲ್ಲಿ ಒಂದಕ್ಷರ ಬದಲಿಸಿದರೂ ಒಂಬತ್ತರಲ್ಲೂ ಹಾಕಿ ನೋಡಬೇಕು. ಒಂದರಲ್ಲಿ ಸರಿಹೋದದ್ದು ಇನ್ನೊಂದರಲ್ಲಿ ಕೆಡುತ್ತಿತ್ತು.

“ಅಕ್ಕ, ನಾನು ಒಂದು ವರ್ಷದಿಂದ ಹೇಳ್ತಾ ಇದೀನಿ,” ಎಂದ. “ಇವನ್ನ ಬಿಡ್ಬೇಕು.”

“ಗೊತ್ತು.”

“ಗೊತ್ತು ಅಂತೀರಿ, ಬಿಡಲ್ಲ.”

ಅವನು ಹೇಳುತ್ತಿದ್ದದ್ದು ಸರಿಯೇ. ಅವರ ಇಡೀ ವಾರದ ಅರ್ಧ ಈ ಒಂಬತ್ತು ಫೋನುಗಳಿಗೆ ಹೋಗುತ್ತಿತ್ತು. ಆ ಜಾತಿಯ ಫೋನು ಇಟ್ಟುಕೊಂಡಿರುವವರು ಬರೀ ಇನ್ನೂರ ಹನ್ನೆರಡು ಜನ, ನೂರಕ್ಕೆ ಮೂರು. ಅವುಗಳ ಒಳಗಿನ ಆಪರೇಟಿಂಗ್ ಸಿಸ್ಟಮ್ಮನ್ನು ಮಾಡಿದವರೇ ಕೈಬಿಟ್ಟು ವರ್ಷಗಳಾದವು. ಸೋರುವ ಜಾಗ ಗೊತ್ತಿದ್ದರೂ ಇನ್ನು ಯಾರೂ ಮುಚ್ಚುವುದಿಲ್ಲ.

“ಇನ್ನೊಂದು ವಿಷ್ಯ,” ಎಂದು ಭೋಜನ್ ತನ್ನ ಸ್ಕ್ರೀನನ್ನು ಅವಳ ಕಡೆ ತಿರುಗಿಸಿದ. “ಹಳೆ ಫೋನುಗಳಿಗೆ ಹೊಸ ಬೀಗ ಅರ್ಥ ಆಗಲ್ಲ. ಅದಕ್ಕೇ ನಾವು ಸರ್ವರಲ್ಲಿ ಹಳೆ ಬೀಗದ ಬಾಗಿಲು ಒಂದು ತೆರೆದಿಟ್ಟಿದೀವಿ. ಡಿಸೆಂಬರಿಂದ ಯಾರೋ ಆ ಬಾಗಿಲನ್ನೇ ತಟ್ಟಿ ನೋಡ್ತಿದಾರೆ. ಇಲ್ಲಿ ನೋಡಿ, ನಿನ್ನೆ ಒಂದೇ ದಿನ ಮುನ್ನೂರು ಸಲ.”

“ಒಳಗೆ ಬಂದಿದಾರಾ?”

“ಇನ್ನೂ ಇಲ್ಲ. ಬಂದ್ರೆ ಯಾವ ಆನೆ ಈಗ ಎಲ್ಲಿದೆ ಅಂತ ಗೊತ್ತಾಗತ್ತೆ. ಅದು ಯಾರಿಗೆ ಬೇಕು, ಯೋಚ್ನೆ ಮಾಡಿ.”

ಗೀತಾಂಜಲಿ ಕುರ್ಚಿ ಎಳೆದುಕೊಂಡು ಕೂತಳು. ಅಲ್ಲಿಯವರೆಗೆ ಅವಳು ಹಳೆಯ ಫೋನುಗಳನ್ನು ಬಿಡದೆ ಇದ್ದದ್ದಕ್ಕೆ ಒಂದು ಕಾರಣವಿತ್ತು. ಏಳು ವರ್ಷದ ಹಿಂದೆ, ಮಸಿನಗುಡಿಯಲ್ಲಿ ನಡೆದ ಮೊದಲ ಸಭೆಯಲ್ಲಿ ನೂರಾರು ಜನರ ಮುಂದೆ ನಿಂತು, ನಿಮ್ಮ ಕೈಯಲ್ಲಿ ಯಾವ ಫೋನಿದ್ದರೂ ಸರಿ, ಇದು ನಡೆಯುತ್ತದೆ ಎಂದು ಹೇಳಿದ್ದಳು. ಆಗ ಅವಳಿಗೆ ಇಪ್ಪತ್ತೇಳು. ಯಾವ ಫೋನಾದರೂ ಎಂಬ ಮಾತಿಗೆ ಎಷ್ಟು ವರ್ಷದ ಆಯಸ್ಸು ಎಂದು ಆಗ ಯೋಚಿಸಿರಲಿಲ್ಲ.

ಜೂನ್ ಕೊನೆಗೆ ಒಂದು ಪತ್ರ ಬಂತು. ಎಚ್ಚರಿಕೆಗಳನ್ನು ಫೋನಿಂದ ಫೋನಿಗೆ ಸಾಗಿಸಿಕೊಡುವ ಕಂಪನಿ, ಆಗಸ್ಟ್ ಮೂವತ್ತೊಂದರ ನಂತರ ಅಷ್ಟು ಹಳೆಯ ಸಿಸ್ಟಮ್‌ಗಳಿಗೆ ತಾನೂ ಸೇವೆ ಕೊಡುವುದಿಲ್ಲ ಎಂದು ಬರೆದಿತ್ತು. ಇನ್ನು ತೀರ್ಮಾನ ಮಾಡಲು ಏನೂ ಉಳಿದಿರಲಿಲ್ಲ. ಗೀತಾಂಜಲಿ ಒಂದು ಸೂಚನೆ ಬರೆದಳು. ಜುಲೈ ಮೊದಲ ವಾರ ಅದು ಇನ್ನೂರ ಹನ್ನೆರಡು ಫೋನುಗಳ ಮೇಲೆ ಮೂಡಿತು: ‘ಸೆಪ್ಟೆಂಬರ್ ಒಂದರಿಂದ ಈ ಫೋನಿನಲ್ಲಿ ಆನೆ ಕರೆ ಕೆಲಸ ಮಾಡುವುದಿಲ್ಲ. ದಯವಿಟ್ಟು ಹೊಸ ಫೋನ್ ಬಳಸಿ.’

ಮೂರನೆಯ ದಿನ ಆಫೀಸಿನ ಮೆಟ್ಟಿಲು ಹತ್ತಿ ಒಬ್ಬ ಹೆಂಗಸು ಬಂದಳು. ಅರವತ್ತು ದಾಟಿದ ವಯಸ್ಸು, ಸೆರಗಿನ ಮೇಲೆ ಗಂಡಸರ ಸ್ವೆಟರು, ಮಳೆಯಲ್ಲಿ ನೆನೆದ ಕಾಲು. ಜೊತೆಗೆ ಅವಳ ಸೊಸೆ. ಹೆಂಗಸು ಚೀಲದಿಂದ ಒಂದು ಫೋನು ತೆಗೆದು ಮೇಜಿನ ಮೇಲಿಟ್ಟಳು. ಅದರ ಗಾಜು ಒಂದು ಮೂಲೆಯಲ್ಲಿ ಸೀಳಿತ್ತು, ಹಿಂಬದಿಯನ್ನು ಸೈಕಲ್ ಟ್ಯೂಬಿನ ರಬ್ಬರಿನಿಂದ ಬಿಗಿದಿದ್ದರು.

“ಗೀತಾಂಜಲಿ ಅಂದ್ರೆ ನೀನೇ ಏನವ್ವ?”

“ಹೌದಮ್ಮ, ಕೂತ್ಕೊಳ್ಳಿ.”

“ನಾನು ಬಂಗಾರಮ್ಮ. ಮಸಿನಗುಡಿ ಪಕ್ಕ ಬಿಳಿಕಲ್ಲುಹಟ್ಟಿ. ಇವಳು ನನ್ನ ಸೊಸೆ ಚಿನ್ನಿ. ಇವಳೇ ಓದಿ ಹೇಳಿದ್ದು, ಈ ಫೋನು ಇನ್ನು ಬ್ಯಾಡ ಅಂತ ಬರ್ದಿದಾರೆ ಅಂತ. ಇದು ಏನು ತಪ್ಪು ಮಾಡ್ತು? ದಿನಾ ಕೂಗ್ತದೆ. ನಾನು ಒತ್ತಿದ್ರೆ ಹೋಯ್ತದೆ. ಒಂದಿನ ಕೈ ಕೊಟ್ಟಿಲ್ಲ.”

ಗೀತಾಂಜಲಿ ವಿವರಿಸಲು ನೋಡಿದಳು. ಭದ್ರತೆ ಎಂದಳು, ಅಪ್‌ಡೇಟ್ ಎಂದಳು. ಬಂಗಾರಮ್ಮ ಕೇಳಿಸಿಕೊಂಡಳು. ಮುಖದಲ್ಲಿ ಏನೂ ಬದಲಾಗಲಿಲ್ಲ.

“ಆವತ್ತು ನೀನೇ ಅಲ್ವಾ ಹೇಳಿದ್ದು, ಯಾವ ಫೋನಿದ್ರೂ ಸರಿ ಅಂತ? ನಾನು ಮುಂದೇನೇ ಕೂತಿದ್ದೆ.”

“ಹೇಳಿದ್ದೆ,” ಎಂದಳು ಗೀತಾಂಜಲಿ. “ತಿಳೀದೆ ಹೇಳಿದ್ದೆ ಅಮ್ಮ. ಆ ಮಾತು ಉಳಿಸ್ಕೊಳ್ಳೋಕೆ ಹೋಗಿ ಒಬ್ರ ಸೊಂಟ ಮುರೀತು.”

ಆಮೇಲೆ ಅವಳು ಇಂಗ್ಲಿಷ್ ಮಾತುಗಳನ್ನೆಲ್ಲ ಬಿಟ್ಟು ಸರವಣನ್‌ನ ಕತೆ ಹೇಳಿದಳು. ಆ ಮೂರು ವಾರ ತಾವಿಬ್ಬರೂ ಏನು ಮಾಡುತ್ತಿದ್ದೆವು, ಪಟ್ಟಿಯಲ್ಲಿ ಯಾವುದು ಕೆಳಗೆ ಉಳಿಯಿತು, ಎಲ್ಲವನ್ನೂ ಹೇಳಿದಳು. ಮೇಜಿನ ಮೇಲಿದ್ದ ಒಂಬತ್ತು ಫೋನುಗಳನ್ನು ತೋರಿಸಿದಳು. ಹಳೆ ಬೀಗದ ಬಾಗಿಲಿನ ವಿಷಯವನ್ನೂ ಮುಚ್ಚಿಡಲಿಲ್ಲ.

ಬಂಗಾರಮ್ಮ ಆ ಒಂಬತ್ತು ಫೋನುಗಳನ್ನೂ ಒಂದೊಂದಾಗಿ ನೋಡಿದಳು. “ಇದನ್ನ ನೋಡ್ಕಳಕ್ಕೆ ನೀವಿಬ್ರೇನಾ?”

“ಇಬ್ರೇ.”

“ನಾನು ಇಪ್ಪತ್ತು ಜನ ಇರ್ತಾರೆ ಅಂತಿದ್ದೆ,” ಎಂದು ಚಿನ್ನಿಯ ಮುಖ ನೋಡಿದಳು. “ಇಬ್ರು ಅಂದ್ರೆ ಆಗಾಕಿಲ್ಲ. ಅದು ಸರಿ. ಆದ್ರೆ ನನ್ನ ಕತೆ ಏನು ಹೇಳು. ಮಗ ಹೊಸ ಫೋನು ತಂದ್ಕೊಟ್ಟವ್ನೆ, ಮನೇಲಿ ಬಿದ್ದದೆ. ಅದರ ಗಾಜು ನನ್ನ ಬೆರಳನ್ನ ಮನುಷ್ಯರದ್ದು ಅಂತ ಒಪ್ಪಾಕಿಲ್ಲ.”

ಅವಳು ಎರಡೂ ಕೈ ಚಾಚಿದಳು. ನಲವತ್ತು ವರ್ಷ ಸಗಣಿ ಬಾಚಿ, ಒಣಗಿಸಿ, ಟೀ ತೋಟಗಳ ಲಾರಿಗೆ ತುಂಬಿದ ಕೈ. ಬೆರಳ ತುದಿಗಳು ಒರಟು ಕಟ್ಟಿ ನೆರಿಗೆ ನೆರಿಗೆಯಾಗಿ ಒಡೆದಿದ್ದವು.

“ಹಾಗಾದ್ರೆ ಈ ಫೋನಲ್ಲಿ ಹೇಗೆ ಒತ್ತುತ್ತೀರಿ? ಇದೂ ಗಾಜೇ ಅಲ್ವಾ?”

“ಗಾಜು ಯಾರು ಮುಟ್ತಾರೆ? ಇಲ್ಲಿ ಒತ್ತೋದು.” ಬಂಗಾರಮ್ಮ ಫೋನಿನ ಪಕ್ಕದಲ್ಲಿದ್ದ, ಸದ್ದು ಏರಿಸುವ ಗುಂಡಿಯನ್ನು ಹೆಬ್ಬೆರಳಿಂದ ತೋರಿಸಿದಳು. “ಮೂರು ಸಲ. ಸೆರಗಿನ ಒಳಗೇ ಇರ್ತದೆ, ತೆಗಿಯೋದೂ ಇಲ್ಲ. ಆನೆ ಎದುರಿಗೆ ನಿಂತಾಗ ಫೋನು ತೆಗ್ದು ನೋಡ್ತಾ ಕೂರಕ್ಕಾಯ್ತದಾ?”

ಗೀತಾಂಜಲಿ ಭೋಜನನ್ನು ನೋಡಿದಳು. ಅದು ಅವಳೇ ಮೊದಲ ವರ್ಷ ಬರೆದು ಸೇರಿಸಿದ್ದು. ಮುಂದೆ ಬಂದ ಸಿಸ್ಟಮ್‌ಗಳು ಹಾಗೆ ಗುಂಡಿಯನ್ನು ಬಳಸಲು ಬಿಡಲಿಲ್ಲ. ಹೊಸ ಫೋನುಗಳ ಆ್ಯಪ್‌ನಿಂದ ಅದನ್ನು ತೆಗೆದುಹಾಕಿ, ಅವಳು ಮರೆತೇಬಿಟ್ಟಿದ್ದಳು.

ಭೋಜನ್ ಆಗಲೇ ಕಂಪ್ಯೂಟರಿನ ಕಡೆ ತಿರುಗಿದ್ದ. ಎಚ್ಚರಿಕೆ ಎಷ್ಟು ಫೋನುಗಳನ್ನು ತಲುಪುತ್ತದೆ ಎಂಬುದನ್ನಷ್ಟೇ ಅವರು ಅದುವರೆಗೆ ನೋಡುತ್ತಿದ್ದರು. ಆನೆಯನ್ನು ಕಂಡು ತಿಳಿಸುವವರು ಯಾರು ಎಂದು ನೋಡಿರಲಿಲ್ಲ. ಹತ್ತು ನಿಮಿಷದಲ್ಲಿ ಉತ್ತರ ಬಂತು. ಒಂದು ವರ್ಷದಲ್ಲಿ ಬಂದ ಒಟ್ಟು ಸುದ್ದಿಗಳಲ್ಲಿ ಮೂರನೆಯ ಒಂದು ಭಾಗ ಆ ಇನ್ನೂರ ಹನ್ನೆರಡು ಫೋನುಗಳಿಂದಲೇ ಬಂದಿತ್ತು. ದನ ಕಾಯುವವರು, ಹೊಲ ಕಾಯುವವರು, ಸೌದೆಗೆ ಹೋಗುವವರು. ಮಸಿನಗುಡಿ ಕಡೆಯಲ್ಲಂತೂ ಅರ್ಧಕ್ಕೂ ಹೆಚ್ಚು. ಬಂಗಾರಮ್ಮನ ಒಂದು ಫೋನಿನಿಂದ ನಾನೂರ ಎಂಬತ್ತು.

“ನಾವು ಬಿಡ್ತಿರೋದು ನೂರಕ್ಕೆ ಮೂರು ಜನಾನ ಅಲ್ಲ ಅಕ್ಕ,” ಎಂದ ಭೋಜನ್, ಮೆಲ್ಲಗೆ. “ಇವರು ಹೋದ್ರೆ ಹೊಸ ಫೋನು ಇಟ್ಕೊಂಡು ಏನು ಕೇಳ್ತಾರೆ ಉಳಿದವರು?”

ಬಂಗಾರಮ್ಮ ಫೋನನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. “ಎರಡೂವರೆ ಬಸ್ಸು ತಪ್ಪಿದ್ರೆ ತೆಪ್ಪಕಾಡಲ್ಲಿ ಇನ್ನೊಂದು ಬಸ್ಸಿಗೆ ಕಾಯ್ಬೇಕು. ಹಾಲು ಕರೆಯೋ ಹೊತ್ತಿಗೆ ಹೋಗ್ಬೇಕು ಕಣವ್ವ. ಏನಾದ್ರೂ ಮಾಡು.”

ಅವಳು ಹೋದ ಮೇಲೆ ಗೀತಾಂಜಲಿ, ಹಳೆ ಫೋನುಗಳನ್ನು ಇನ್ನೊಂದು ವರ್ಷ ಉಳಿಸಿಕೊಳ್ಳುವ ದಾರಿ ಏನಾದರೂ ಇದೆಯೇ ಎಂದು ಎರಡು ದಿನ ಹುಡುಕಿದಳು. ಇರಲಿಲ್ಲ. ಇದ್ದಿದ್ದರೂ ಅದೇ ಬಾಗಿಲನ್ನು ತೆರೆದಿಡಬೇಕಿತ್ತು, ಪಟ್ಟಿಯಲ್ಲಿ ಇನ್ನೊಬ್ಬ ಸರವಣನ್ ಕೆಳಗೆ ಉಳಿಯುತ್ತಿದ್ದ. ಮೂರನೆಯ ದಿನ ಅವಳು ಭೋಜನ್ ಎದುರು ಕೂತಳು.

“ಫೋನುಗಳನ್ನ ಬಿಡೋಣ. ತಾರೀಕು ಬದಲಾಗಲ್ಲ. ಜನರನ್ನ ಬಿಡೋದು ಬೇಡ.”

“ಅಂದ್ರೆ?”

“ಆ್ಯಪೇ ಬೇಡ. ಅವರು ಒಂದು ನಂಬರಿಗೆ ಕರೆ ಮಾಡ್ಲಿ. ಕೀಪ್ಯಾಡ್ ಫೋನಲ್ಲೂ ಒಂದು ಗುಂಡಿ ಅದುಮಿ ಹಿಡಿದ್ರೆ ಕರೆ ಹೋಗತ್ತೆ. ಬೆರಳು ಹೇಗಿದ್ರೂ ಗುಂಡಿ ಗುಂಡೀನೇ. ನಮ್ಮ ಸರ್ವರ್ ಕರೆ ಎತ್ತಿಕೊಂಡು, ಯಾರು ಅಂತ ನಂಬರಿಂದ ಗುರುತು ಹಿಡಿದು, ಉಳಿದವರನ್ನ ಕೂಗಲಿ. ಅವರಿಗೂ ಎಚ್ಚರಿಕೆ ಕರೆಯಾಗೇ ಬರ್ಲಿ.”

ಭೋಜನ್ ಗಡ್ಡ ಕೆರೆದುಕೊಂಡ. “ಯಾರು ಅಂತ ಗೊತ್ತಾಗತ್ತೆ. ಎಲ್ಲಿ ಅಂತ ಹೇಗೆ ಗೊತ್ತಾಗತ್ತೆ? ಕೀಪ್ಯಾಡ್ ಫೋನು ಜಾಗ ಹೇಳಲ್ಲ.”

ಅದಕ್ಕೆ ಉತ್ತರ ಸಿಕ್ಕಿದ್ದು ಬಿಳಿಕಲ್ಲುಹಟ್ಟಿಯಲ್ಲಿ.

ಮುಂದಿನ ಭಾನುವಾರ ಇಬ್ಬರೂ ಅಲ್ಲಿಗೆ ಹೋದರು. ಹಾಲಿನ ಸೊಸೈಟಿಯ ಜಗುಲಿಯಲ್ಲಿ ಮೂವತ್ತು ಜನ ಸೇರಿದ್ದರು. ಗೀತಾಂಜಲಿ ಮೊದಲು ಕ್ಷಮೆ ಕೇಳಿದಳು. ಹಳೆಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ ಎಂದು ಸ್ಪಷ್ಟವಾಗಿ ಹೇಳಿ, ಯಾಕೆ ಎಂಬುದನ್ನು ಬಂಗಾರಮ್ಮನಿಗೆ ಹೇಳಿದ ಹಾಗೆಯೇ ಹೇಳಿದಳು. ಆಮೇಲೆ ಕರೆಯ ವಿಚಾರ, ಜಾಗ ಗೊತ್ತಾಗದ ತೊಂದರೆ.

“ಆನೆ ಎಲ್ಲೆಲ್ಲೋ ಬರಾಕಿಲ್ಲ,” ಎಂದಳು ಚಿನ್ನಿ, ಕಂಬಕ್ಕೆ ಒರಗಿ ನಿಂತಿದ್ದವಳು. “ನಮ್ಮೂರಿಗೆ ಬರೋದು ಆರೇ ಕಡೆಯಿಂದ. ಕೆರೆ, ಸೇತುವೆ, ದನದ ಬಯಲು, ಮಾರಮ್ಮನ ಗುಡಿ, ಸ್ಕೂಲಿನ ಹಿಂದೆ, ಹುಣಸೆತೋಪು. ಒಂದೊಂದಕ್ಕೆ ಒಂದೊಂದು ನಂಬರು ಕೊಡಿ. ಕರೆ ಹೋದ್ಮೇಲೆ ಆ ನಂಬರು ಒತ್ತಿದ್ರಾಯ್ತು.”

ಭೋಜನ್ ತಲೆಯೆತ್ತಿ ಅವಳನ್ನು ನೋಡಿದ. “ಇದು ನಮಗೆ ಯಾಕೆ ಹೊಳೀಲಿಲ್ಲ?” ಎಂದ.

“ನೀವು ಆನೆ ನೋಡೋದು ಮ್ಯಾಪಲ್ಲಿ,” ಎಂದು ಯಾರೋ ಹೇಳಿದರು. ಎಲ್ಲರೂ ನಕ್ಕರು.

ನಂಬರು ಹಂಚುವಾಗ ಜಗಳವೇ ಆಯಿತು. ಒಂದನೆಯ ನಂಬರು ತಮ್ಮ ಬೀದಿಯ ಕಡೆಗೇ ಬೇಕೆಂದು ಎಲ್ಲರಿಗೂ. ಕೆರೆಯ ಕಡೆಯವರು, ಹೋದ ವರ್ಷ ತಮ್ಮ ಬಾಳೆ ಹೋದದ್ದನ್ನು ಎತ್ತಿದರು. ಸೇತುವೆಯ ಕಡೆಯವರು, ಮುರಿದ ಗೋಡೆ ತೋರಿಸುತ್ತೇವೆ ಬನ್ನಿ ಎಂದರು. ಬಂಗಾರಮ್ಮ ಕೈ ಎತ್ತಿದಳು.

“ಒಂದನೇದು ಸ್ಕೂಲಿಗೆ ಇರ್ಲಿ. ಗಾಬ್ರಿಯಾದಾಗ ಕೈ ಮೊದ್ಲು ಹೋಗೋದು ಒಂದಕ್ಕೇ.”

ಆಮೇಲೆ ಯಾರೂ ವಾದ ಮಾಡಲಿಲ್ಲ.

ಎಲ್ಲವೂ ಹಾಗೆ ಸಲೀಸಾಗಿ ನಡೆಯಲಿಲ್ಲ. ಸಭೆ ಮುಗಿದು ಜನ ಎದ್ದಾಗ ಕಾಳಯ್ಯ ಎಂಬ ಕಾವಲುಗಾರ ಗೀತಾಂಜಲಿಯ ಬಳಿ ಬಂದ. ಐವತ್ತೈದರ ಸುಮಾರು ವಯಸ್ಸು. ಹತ್ತಾರು ಹೊಲಗಳ ಅಂಚಿನಲ್ಲಿ ದಿನಕ್ಕೆ ಹನ್ನೆರಡು ಮೈಲಿ ನಡೆಯುವವನು. ಬಂಗಾರಮ್ಮನ ನಂತರ ಅತಿ ಹೆಚ್ಚು ಸುದ್ದಿ ಬರುತ್ತಿದ್ದದ್ದು ಅವನ ಫೋನಿನಿಂದ.

“ಊರವ್ರಿಗೆ ಸರಿ ಹೋಯ್ತು,” ಎಂದ. “ನಾನು ಒಂದು ಊರಲ್ಲಿ ಇರೋನಲ್ಲ. ನಾನು ನಿಂತ ಜಾಗಕ್ಕೆ ಹೆಸರೇ ಇಲ್ಲ, ಇನ್ನು ನಂಬರು ಎಲ್ಲಿಂದ ಬತ್ತದೆ? ನಂಗೆ ಆ ಮ್ಯಾಪೇ ಬೇಕಿತ್ತು. ಮೂರು ಸಲ ಒತ್ತಿದ್ರೆ ಅದೇ ಹುಡುಕ್ಕೊಳ್ಳೋದು.”

“ಟ್ರಸ್ಟಿಂದ ಒಂದು ಹೊಸ ಫೋನು ಕೊಡಿಸ್ತೀನಿ ಕಾಳಯ್ಯನೋರೆ. ಅದರಲ್ಲಿ ಮ್ಯಾಪ್ ಇರತ್ತೆ.”

“ಅದ್ರಲ್ಲಿ ಗುಂಡಿ ಇಲ್ವಲ್ಲ. ಒಂದು ಕೈಲಿ ದೊಣ್ಣೆ, ಇನ್ನೊಂದ್ರಲ್ಲಿ ಟಾರ್ಚು.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಇರ್ಲಿ ಬುಡಿ. ನಿಮ್ಗೂ ಕಷ್ಟ ಅದೆ.”

ಅವನಿಗೆ ಕೊಡಲು ಅವಳ ಹತ್ತಿರ ಬೇರೆ ಏನೂ ಇರಲಿಲ್ಲ. ಫೋನು ಕೊಡಿಸಿದಳು, ತಾನೇ ಕೂತು ಕಲಿಸಿದಳು. ಅವನು ಮರ್ಯಾದೆಗೆಂದು ತೆಗೆದುಕೊಂಡ. ಸೆಪ್ಟೆಂಬರಿನ ಮೊದಲ ದಿನಗಳಲ್ಲಿ ಅದರಿಂದ ಎರಡು ಸುದ್ದಿ ಬಂದವು, ಆಮೇಲೆ ಏನೂ ಬರಲಿಲ್ಲ.

ಜುಲೈ, ಆಗಸ್ಟ್ ಎರಡೂ ತಿಂಗಳು ಮಳೆಯಲ್ಲೇ ಓಡಾಟ. ಭೋಜನ್ ಸರ್ವರಿನ ಕೆಲಸ ಮಾಡಿದ. ಗೀತಾಂಜಲಿ ಇನ್ನೂರ ಹನ್ನೆರಡು ಹೆಸರುಗಳ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಹಟ್ಟಿಯಿಂದ ಹಟ್ಟಿಗೆ, ಎಸ್ಟೇಟ್ ಲೈನಿನಿಂದ ಲೈನಿಗೆ ಹೋದಳು. ಗೂಡಲೂರಿನ ಕಡೆ ಮಲಯಾಳ ಮಾತಾಡುವವರ ಮನೆಗಳಲ್ಲಿ ಹಾಲು ಹಾಕದ ಕಟ್ಟನ್ ಚಹಾ ಕುಡಿದಳು, ಕೆಲವು ಕಡೆ ಬೈಸಿಕೊಂಡಳು. ಒಬ್ಬಾತ ಫೋನನ್ನು ಅವಳ ಕೈಗೇ ಕೊಟ್ಟು, ನೀವೇ ಇಟ್ಟುಕೊಳ್ಳಿ, ಇನ್ನು ಇದರಿಂದ ನನಗೇನು ಉಪಯೋಗ ಎಂದ. ಸುಮಾರು ನೂರ ಐವತ್ತು ಜನ ಕರೆಯ ಸಾಲಿಗೆ ಬಂದರು. ಕೆಲವರ ಮಕ್ಕಳ ಮನೆಯಲ್ಲಿ ಹೊಸ ಫೋನು ಇತ್ತು. ಹದಿನೇಳು ಜನ ಸಿಗಲೇ ಇಲ್ಲ. ಕೆಲಸ ಹುಡುಕಿಕೊಂಡು ಬೇರೆ ಎಸ್ಟೇಟಿಗೆ ಹೋದವರು, ಕೇರಳಕ್ಕೆ ಹೋದವರು, ತೀರಿಕೊಂಡವರು.

ಒಂದು ಸಂಜೆ ಆಫೀಸಿಗೆ ಬಂದು ಒದ್ದೆ ಚಪ್ಪಲಿ ಬಿಡುತ್ತ ಅವಳು ಭೋಜನ್‌ಗೆ ಹೇಳಿದಳು: “ಸೂಚನೆ ಬರೆಯೋಕೆ ನಂಗೆ ಐದು ನಿಮಿಷ ಹಿಡೀತು. ಅದರಲ್ಲಿ ಏನು ಬರೀಬೇಕಿತ್ತು ಅಂತ ತಿಳಿಯೋಕೆ ಎರಡು ತಿಂಗಳು.”

“ಏನು ಬರೀಬೇಕಿತ್ತು?”

“ಏನೂ ಬರೀಬಾರದಿತ್ತು. ಮೊದಲು ಹೋಗಿ ಕೇಳಬೇಕಿತ್ತು.”

ಆಗಸ್ಟ್ ಮೂವತ್ತೊಂದರ ಮಧ್ಯರಾತ್ರಿ ಭೋಜನ್ ಹಳೆಯ ಬಾಗಿಲು ಮುಚ್ಚಿದ. ಕಂಪ್ಯೂಟರಿನಲ್ಲಿ ಎರಡು ಸಾಲು ಬರೆದದ್ದು, ಅಷ್ಟೇ. ಮೇಜಿನ ಮೇಲಿದ್ದ ಒಂಬತ್ತು ಫೋನುಗಳ ಪರದೆಯಲ್ಲೂ ‘ಸಂಪರ್ಕವಿಲ್ಲ’ ಎಂದು ಬಂತು. ಅವನು ಒಂದೊಂದನ್ನೇ ಆಫ್ ಮಾಡಿ ರಟ್ಟಿನ ಪೆಟ್ಟಿಗೆಗೆ ಹಾಕಿದ. ಖುಷಿಯಾಗುತ್ತದೆ ಎಂದು ಒಂದು ವರ್ಷದಿಂದ ಅಂದುಕೊಂಡಿದ್ದೆ, ಆಗಲಿಲ್ಲ ಎಂದು ಆಮೇಲೆ ಚಹಾ ಕುಡಿಯುವಾಗ ಹೇಳಿದ. ಆದರೆ ಮರುದಿನದಿಂದಲೇ ಕೆಲಸದ ವೇಗ ಬೇರೆಯಾಯಿತು. ಹೊಸ ಫೋನುಗಳಲ್ಲಿ ಸದ್ದು ನಿಲ್ಲುವ ತೊಂದರೆಯನ್ನು ಫೆಬ್ರವರಿಯಲ್ಲೇ ಅವಸರದಲ್ಲಿ ತೇಪೆ ಹಾಕಿ ನಿಲ್ಲಿಸಿದ್ದರು. ಈಗ ಬುಡದಿಂದ ಸರಿಮಾಡಿದರು. ಬಾಕಿ ಉಳಿದಿದ್ದ ಹನ್ನೊಂದು ದೂರುಗಳು ಮೂರು ವಾರದಲ್ಲಿ ಮುಗಿದವು.

ಸೆಪ್ಟೆಂಬರಿನ ಎರಡನೆಯ ವಾರ, ಬೆಳಿಗ್ಗೆ ಎಂಟೂಕಾಲಕ್ಕೆ ಬಿಳಿಕಲ್ಲುಹಟ್ಟಿಯಿಂದ ಒಂದು ಕರೆ ದಾಖಲಾಯಿತು. ಬಂಗಾರಮ್ಮನ ನಂಬರು, ಒತ್ತಿದ್ದು ಒಂದು. ಎರಡು ನಿಮಿಷದೊಳಗೆ ಅರವತ್ತೆಂಟು ಫೋನುಗಳಿಗೆ ಕರೆ ಹೋಯಿತು. ಕೀಪ್ಯಾಡಿನವು, ಹೊಸವು, ಶಾಲೆಯ ಹೆಡ್‌ಮಾಸ್ಟರದ್ದು. ಮಕ್ಕಳನ್ನು ಕರೆತರುತ್ತಿದ್ದ ಜೀಪನ್ನು ಅದರ ಡ್ರೈವರ್ ಸೇತುವೆಯ ಬಳಿಯೇ ನಿಲ್ಲಿಸಿಕೊಂಡ. ಶಾಲೆಯ ಹಿಂದೆ ಎರಡು ಹೆಣ್ಣಾನೆ, ಒಂದು ಮರಿ. ಅವು ಬಿದಿರು ಮುರಿದು ತಿಂದು, ಒಂಬತ್ತೂವರೆಗೆ ತಮ್ಮ ಪಾಡಿಗೆ ಕಾಡಿಗೆ ಇಳಿದುಹೋದವು. ಜೀಪು ಶಾಲೆಗೆ ಬಂತು. ಆ ದಿನ ಪ್ರಾರ್ಥನೆ ತಡವಾಯಿತು, ಅಷ್ಟೇ.

ಹತ್ತು ಗಂಟೆಗೆ ಗೀತಾಂಜಲಿಯ ಸ್ವಂತ ಫೋನು ಹೊಡೆದುಕೊಂಡಿತು.

“ನಾನು ಕಣವ್ವ, ಬಂಗಾರಮ್ಮ. ಹೋಯ್ತು ಅಲ್ವಾ ಕರೆ?”

“ಹೋಯ್ತಮ್ಮ, ಎಲ್ರಿಗೂ ಹೋಯ್ತು. ನೀವು ಎಲ್ಲಿದ್ರಿ ಆಗ?”

“ಬೇಲಿ ಹತ್ರ. ಸೆರಗಿನ ಒಳಗೇ ಕೈ ಹಾಕ್ದೆ, ಗುಂಡಿ ಸಿಕ್ತು.” ಹಿಂದೆ ಎಲ್ಲೋ ಕರು ಕೂಗುವುದು ಕೇಳಿಸಿತು. “ಒಂದು ಮಾತು ಕೇಳ್ತೀನಿ. ಈ ಕೀಪ್ಯಾಡು ಫೋನೂ ಒಂದಿನ ಬ್ಯಾಡ ಅಂತೀಯಾ?”

ಇಲ್ಲ ಎಂದು ಹೇಳಿಬಿಡುವುದು ಸುಲಭವಿತ್ತು. ಗೀತಾಂಜಲಿ ಹಾಗೆ ಹೇಳಲಿಲ್ಲ.

“ಅನ್ನಬೋದು ಅಮ್ಮ. ಇದನ್ನ ನಡೆಸೋ ನೆಟ್‌ವರ್ಕೂ ಯಾವತ್ತೋ ಒಂದಿನ ನಿಲ್ಲತ್ತೆ. ಎಷ್ಟು ವರ್ಷಕ್ಕೆ ಅಂತ ನಂಗೆ ಗೊತ್ತಿಲ್ಲ.”

ಆ ಕಡೆ ಕರು ಮತ್ತೆ ಕೂಗಿತು. ಗೀತಾಂಜಲಿ ಮುಂದುವರಿಸಿದಳು.

“ಆದ್ರೆ ಆವಾಗ ಮೆಸೇಜ್ ಕಳಿಸಲ್ಲ. ನಾನೇ ಬರ್ತೀನಿ. ಒಂದು ವರ್ಷ ಮೊದಲೇ ಬಂದು ಹೇಳ್ತೀನಿ, ಕೂತು ಮಾತಾಡೋಣ.”

“ಆಯ್ತು, ಹಂಗಾರೆ ಆಯ್ತು,” ಎಂದಳು ಬಂಗಾರಮ್ಮ. “ಬರೋದಾದ್ರೆ ಭಾನುವಾರ ಬಾ. ಬಾಕಿ ದಿನ ಸಗಣಿ ಲಾರಿ ಬತ್ತದೆ, ನಂಗೆ ಪುರುಸೊತ್ತಿರಾಕಿಲ್ಲ.”

ಕರೆ ಮುಗಿದ ಮೇಲೆ ಗೀತಾಂಜಲಿ ಭೋಜನ್ ಕಡೆ ತಿರುಗಿದಳು. “ಕಾಳಯ್ಯನೋರು ನಡೆಯೋ ದಾರೀಲಿ ಜಾಗಗಳಿಗೆ ಹೆಸರಿಲ್ಲ ಅಂದಿದ್ರಲ್ಲ. ನಾಳೆ ಅವರ ಜೊತೆ ಆ ಹನ್ನೆರಡು ಮೈಲಿ ನಡೆದು, ಒಂದೊಂದು ಜಾಗಕ್ಕೂ ಹೆಸರು, ನಂಬರು ಹಾಕ್ಬೇಕು ಅಂತಿದೀನಿ. ಬರ್ತೀಯಾ?”

ಭೋಜನ್ ಕಿಟಕಿಯ ಆಚೆ ಮಳೆ ನೋಡಿದ. “ಎಷ್ಟು ಗಂಟೆಗೆ ಹೊರಡೋದು ಅಕ್ಕ?” ಎಂದ.